ಒಂಚೂರು ಮೊದಲು ಬೀಳುವ ಕಿಡಿ

ಇಂದು ಬೆಳಿಗ್ಗೆ ಶಾಲೆಗೆ ಹೊರಟಾಗ ಹತ್ತಿ ಹೊಲದಲ್ಲಿ ಯಾರೋ ಔಷಧಿ ಹೊಡೆಯುತ್ತಿದ್ದರು. ಪಂಪಿನ ಹೊಗೆಯಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆತ ವಾಸನೆ ಬಂತು ನೋಡಿ, ನೀಲವ್ವ ನೆನಪಾದಳು. ನೀವು ನೇಸರಗಿಯವರಲ್ಲದಿದ್ದರೆ ಆಕೆ ನಿಮಗೆ ಗೊತ್ತಿರಲಿಕ್ಕಿಲ್ಲ. ತಂದೆಯಿಂದ ಕೆಲಸ ಕಲಿತು, ಆತನ ಗ್ಯಾರೇಜನ್ನೇ ನಡೆಸುವ ಹೆಣ್ಣುಮಗಳು. ವಿಜ್ಞಾನದ ಮಾಸ್ತರನಾದ ನನ್ನ ಸ್ಕೂಟರು ಕೂಡ ಆಕೆ ಬೈದರೇ ಚಾಲೂ ಆಗುವುದು.

ಕೆಲವು ವರ್ಷಗಳ ಹಿಂದೆ, ಕಡಲೆ ಕಿತ್ತ ಹೊಲವೊಂದರಲ್ಲಿ ರಾಮದುರ್ಗದ ಸದಾನಂದ ಆಕಾಶದಿಂದ ಇಳಿದ. ತಲೆಯ ಮೇಲೆ ಬಟ್ಟೆಯ ರೆಕ್ಕೆ, ಬೆನ್ನಿಗೆ ಪಂಖವಿರುವ ಸಣ್ಣ ಎಂಜಿನ್ನು, ಪ್ಯಾರಾಮೋಟರ್ ಅನ್ನುತ್ತಾರೆ. ಮೇಲಿದ್ದಾಗಲೇ ಎಂಜಿನ್ನು ದಮ್ಮು ಕಳೆದುಕೊಂಡಿತ್ತಂತೆ. ನಾಲ್ವರು ಸೇರಿ ಅದನ್ನು ನೀಲವ್ವನ ಮುಂದೆ ಇಳಿಸಿದೆವು.

"ಎಲ್ಲಾ ಎಲೆಕ್ಟ್ರಾನಿಕ್ ಐತ್ರಿ ಅಕ್ಕಾರ. ಕಿಡಿ ಯಾವಾಗ ಬೀಳಬೇಕಂತ ಈ ಪೆಟಗಿನ ಹೇಳತೈತಿ," ಎಂದು ಸದಾನಂದ ಎಂಜಿನ್ನಿಗೆ ಅಂಟಿದ ಸಣ್ಣ ಡಬ್ಬಿಯನ್ನು ತೋರಿಸಿದ.

"ಪಿಸ್ಟನ್ ತುದಿ ಮುಟ್ಟಿದ ಕೂಡಲೇ ಬೀಳತೈತಿ," ಎಂದು ನಾನು ಬಾಯಿ ಹಾಕಿದೆ. ಹದಿನೆಂಟು ವರ್ಷ ಹಾಗೆಯೇ ಪಾಠ ಮಾಡಿದ್ದೆ.

ನೀಲವ್ವ ತಲೆಯೆತ್ತಲಿಲ್ಲ. "ಮುಟ್ಟಿದ ಮ್ಯಾಲ ಬಿದ್ರ ತಡಾ ಆತ್ರಿ ಸರ. ಬೆಂಕಿಗೂ ಹಬ್ಬಾಕ ವ್ಯಾಳ್ಯಾ ಬೇಕಲ್ಲ? ಅದಕ್ಕ ಒಂಚೂರು ಮೊದಲ ಬೀಳಬೇಕು. ಎಂಜಿನ್ ಜೋರ ಓಡಿದ್ರ, ಇನ್ನೂ ಮೊದಲ."

ನಿಮಿಷಕ್ಕೆ ಸಾವಿರಾರು ಸುತ್ತು. ಪ್ರತಿ ಸುತ್ತಿನಲ್ಲೂ, ತಪ್ಪದೆ, ಆ ಒಂಚೂರು ಮೊದಲು. ಯೋಚಿಸಿ ನನಗೆ ಮೈ ಜುಮ್ಮೆಂದಿತು.

ಆಕೆ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸೈಕಲ್ಲಿನ ಕಡ್ಡಿ ಇಳಿಸಿ, ಪಿಸ್ಟನ್ ತುದಿಗೆ ಬರುವ ತನಕ ಎಂಜಿನ್ನಿನ ಬದಿಗಿದ್ದ ಚಕ್ರವನ್ನು ಮೆಲ್ಲಗೆ ತಿರುಗಿಸಿದಳು. ಚಕ್ರದ ಗೆರೆ, ಎಂಜಿನ್ನಿನ ಮೈಮೇಲಿನ ಗೆರೆ ಆಗ ಕೂಡಬೇಕಿತ್ತು. ನಡುವೆ ಒಂದು ಜೋಳದ ಕಾಳಿನಷ್ಟು ಅಂತರ.

"ಪೆಟಗಿ ಛಲೋನ ಐತಿ. ಅದು ಚಕ್ರಾ ನೋಡಿ ಕಿಡಿ ಬಿಡತೈತಿ, ಆ ಚಕ್ರನ ಜರಗೇತಿ. ಅದು ಪೆಟಗಿಗೆ ಹೆಂಗ ಗೊತ್ತಾಗಬೇಕು, ಪಾಪ?"

ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವ ಉಗುರಿನಷ್ಟು ಉಕ್ಕಿನ ತುಂಡು ಅರ್ಧ ಕತ್ತರಿಸಿಹೋಗಿತ್ತು. ಹೊಸದನ್ನು ಆಕೆಯೇ ಅರದಿಂದ ತಿಕ್ಕಿ ಮಾಡಿದಳು. ಮೊದಲನೆಯದನ್ನು ಎಸೆದಳು. ಎರಡನೆಯದನ್ನೂ.

"ನಡೀತೈತಿ ಬಿಡ್ರಿ ಅಕ್ಕಾರ," ಎಂದ ಸದಾನಂದ.

"ಪಂಪ್ ನಿಂತ್ರ ಹೊಲ ಕಾಯತೈತಿ ತಮ್ಮಾ. ನೀ ಮ್ಯಾಲಿರತಿ."

ಮೂರನೆಯದು ಕೂತಿತು. ಎಂಜಿನ್ನನ್ನು ಬೇವಿನ ಮರಕ್ಕೆ ಬಿಗಿದು ಒಂದು ತಾಸು ಓಡಿಸಿದ ಮೇಲೆಯೇ ಹಗ್ಗ ಬಿಚ್ಚಿದಳು. ಸದಾನಂದ ಹೊಲದಲ್ಲಿ ಓಡಿ ನೆಲ ಬಿಟ್ಟಾಗ ನಾವೆಲ್ಲ ಮೇಲೆ ನೋಡಿದೆವು. ನೀಲವ್ವ ಮಾತ್ರ ಸೆರಗು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಳು. ಸದ್ದು ಒಂದೇ ಸಮನಾಗಿ ದೂರವಾದ ಮೇಲೆ ಉಸಿರು ಬಿಟ್ಟಳು.

ಮುಂದೆ ಅವನು ಎರಡು ಸೀಟಿನದನ್ನು ತಂದು, "ಒಮ್ಮೆ ಬರ್ರಿ ಅಕ್ಕಾರ, ಮ್ಯಾಲಿಂದ ಊರ ತೋರಸತೇನಿ," ಎಂದು ಕರೆದ. "ನನಗ ಕೆಳಗಿಂದನ ಛಲೋ ಕೇಳತೈತಿ," ಎಂದಳು.

ಇಂದು ಮಧ್ಯಾಹ್ನ ಒಂಬತ್ತನೆಯ ವರ್ಗಕ್ಕೆ ಎಂಜಿನ್ನಿನ ಪಾಠ ಮಾಡುತ್ತ, ಕಿಡಿ ಒಂಚೂರು ಮೊದಲೇ ಬೀಳುತ್ತದೆ ಎಂದೆ. ಒಬ್ಬ ಹುಡುಗಿ ಎದ್ದು ಕೇಳಿದಳು: "ಒಂಚೂರು ಮೊದಲ ಅಂದ್ರ ಎಷ್ಟ್ರಿ ಸರ?"

ಅಂಕಿ ನನಗೆ ಗೊತ್ತಿತ್ತು. ಆದರೂ ಸೀಮೆಸುಣ್ಣ ಕೆಳಗಿಟ್ಟು, ಇಡೀ ವರ್ಗವನ್ನು ಸಾಲುಗಟ್ಟಿಸಿ ನೀಲವ್ವನ ಗ್ಯಾರೇಜಿಗೆ ಕರೆದೊಯ್ದೆ. ಎಲ್ಲರಿಗಿಂತ ಮುಂದೆ ನಾನೇ ಕುಳಿತೆ.