ಕಡಬಿನ ಎಣ್ಣೆಗೆ ಬಿದ್ದ ಡೈ

ಎರಡನೇ ಭಟ್ಟಿಯ ಬಾಗಿಲು ತೆಗೆದ ತಾಯಪ್ಪನ ಎದೆ ಧಸಕ್ಕೆಂದಿತು. ಒಳಗೆ ಕಾವೇ ಇರಲಿಲ್ಲ. ಸುತ್ತಿಗೆ, ಪಾನಾ, ಇಕ್ಕಳ, ಎಲ್ಲಕ್ಕೂ ಕುಂಕುಮ ಹಚ್ಚಿ, ಚೆಂಡು ಹೂವಿಟ್ಟು ಯಾರೋ ಸಾಲಾಗಿ ಮಲಗಿಸಿದ್ದರು. ಅವನ ಹಿಂದೆ, ತೊಟ್ಟಿಯ ಎಣ್ಣೆಯಿಂದ ಆಗಷ್ಟೇ ಎತ್ತಿದ ಡೈ, ಉಕ್ಕಿನ ಅಚ್ಚು, ಹೊಗೆಯಾಡುತ್ತಿತ್ತು.

ಯಾರೋ ಏನು, ಆಯಿಯೇ. ಮಾಲಕ ಮಂದಾರನ ತಾಯಿ ಗಂಗೂಬಾಯಿ. ಬೆಳಗಾವಿ ಕಡೆಯವರು, ಖಂಡೇನವಮಿಯ ಆಯುಧಪೂಜೆ ಬಂತೆಂದರೆ ಭೋಸರಿ ಕಾರ್ಖಾನೆ ಪ್ರದೇಶದ ಈ ತಗಡಿನ ಶೆಡ್ಡೇ ಅವರ ದೇವರಮನೆ. ಇವತ್ತು ಕೆಲಸವಿರಲಿಲ್ಲ. ಆದರೆ ನಸುಕಿನಲ್ಲೇ ಮಂದಾರ ಫೋನ್ ಮಾಡಿ, 'ಇದೊಂದು ಡೈ ಮುಗಿಸಿಬಿಡು' ಅಂದಿದ್ದ. ತಾಯಪ್ಪ ಎರಡೂ ಭಟ್ಟಿಗಳ ಸ್ವಿಚ್ ಹಾಕಿ, ಡೈಯ ಅಂಚಿನ ತೂತುಗಳಿಗೆ ಮಣ್ಣು ಮೆತ್ತಲು ಕೂತ. ತೆಳುವಾದ ಅಂಚು ಬೇಗ ತಣ್ಣಗಾಗಿ ಸೀಳಬಾರದೆಂದು ಅಷ್ಟೊಂದು ಜೋಪಾನ. ಅಷ್ಟರಲ್ಲಿ ಬಂದ ಆಯಿ, ಇನ್ನೂ ಬಿಸಿಯೇರದ ಎರಡನೇ ಭಟ್ಟಿಯ ಸ್ವಿಚ್ ಆರಿಸಿ ಪೂಜೆಗೆ ಅಣಿ ಮಾಡಿದ್ದರು. ಇವನು ಮತ್ತೆ ಅತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ತೂತಿಗೆ ಮಣ್ಣು ಮೆತ್ತುವ ಜಾಣನಿಗೆ ಭಟ್ಟಿಯತ್ತ ಕಣ್ಣು ಹಾಯಿಸಲು ಏನು ಧಾಡಿ?

ಉಕ್ಕಿನ ಸ್ವಭಾವವೇ ಹಾಗೆ. ಕೆಂಪಗೆ ಕಾಸಿ ಎಣ್ಣೆಗಿಳಿಸಿದರೆ ಗಟ್ಟಿಯಾಗುತ್ತದೆ, ಆದರೆ ಒಳಗೊಳಗೇ ಬಿಗಿದುಕೊಂಡಿರುತ್ತದೆ. ಅಂಗೈ ತಾಳುವಷ್ಟು ಬಿಸಿ ಇರುವಾಗಲೇ ಎರಡನೇ ಭಟ್ಟಿಯಲ್ಲಿ ಹದವಾದ ಕಾವು ಕೊಟ್ಟು ಆ ಬಿಗಿ ಇಳಿಸಬೇಕು. ಪೂರ್ತಿ ತಣ್ಣಗಾಗಲು ಬಿಟ್ಟರೆ 'ಟಣ್' ಎಂದು ಸೀಳಿ ಕೂರುತ್ತದೆ. ಗಣಪತಿ ಹಬ್ಬದ ಹೊತ್ತಿಗೆ ಅವನ ಕೈಯಲ್ಲಿ ಒಂದು ಡೈ ಹಾಗೆ ಸೀಳಿತ್ತು. ಇನ್ನೊಂದು ಸೀಳಿದರೆ ಭಟ್ಟಿ ಬಿಟ್ಟು ಲೋಡಿಂಗಿಗೆ ಹೋಗು ಅಂದಿದ್ದ ಮಂದಾರ. ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊತ್ತು ಸೊಂಟ ಕಳೆದುಕೊಂಡವನಿಗೆ ಮತ್ತೆ ಹೊರುವ ಕೆಲಸವೆಂದರೆ ಊರಿಗೆ ಗಂಟು ಕಟ್ಟಿದಂತೆಯೇ.

ಡೈ ಮುಟ್ಟಿ ನೋಡಿದ. ಕೈ ಚುರುಗುಟ್ಟಿತು, ಇನ್ನೂ ಹೊತ್ತಿದೆ. ಆದರೆ ಭಟ್ಟಿ ಈಗ ಹಚ್ಚಿದರೂ ಕಾಯುವಷ್ಟರಲ್ಲಿ ಡೈ ತಣ್ಣಗಾಗುತ್ತದೆ.

ಅಂಗಳದಲ್ಲಿ ಆಯಿ ಕಡಬು ಕರಿಯುತ್ತಿದ್ದರು. ಹೂರಣ ತುಂಬಿಕೊಡುತ್ತಿದ್ದ ಅವನ ಹೆಂಡತಿ ಯಂಕವ್ವ ಗಂಡನ ಮುಖ ಕಂಡು ಎದ್ದು ಬಂದಳು.

"ಏನಾತ್ರಿ?"

ಹೇಳಿದ. ಅವಳು ದನಿ ತಗ್ಗಿಸಿದಳು. "ಮಾಲೇ ಖರಾಬಿತ್ತು ಅನ್ರಿ. ಯಾರಿಗ್ ಗೊತ್ತಾಗತದ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಅವನನ್ನು ಹೆದರಿಸಿತು. ಡೈಯ ಕಡೆ ನೋಡಿದ, ಫೋನಿನ ಕಡೆ ನೋಡಿದ. ಕಡೆಗೆ ಮಂದಾರನಿಗೇ ಫೋನ್ ಹಚ್ಚಿದ.

"ಸಾಹೇಬ್ರ, ತಪ್ಪಾತ್ರಿ. ಎರಡನೇ ಭಟ್ಟಿ ಆರಿತ್ತು. ನಾ ನೋಡ್ಲಾರದ ಡೈ ಎಣ್ಣಿಗೆ ಇಳಿಸೀನಿ."

ಆ ಕಡೆ ಗಾಡಿಗಳ ಹಾರ್ನ್. ಮಂದಾರ ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. "ಭಟ್ಟಿ ಖಾಲಿ ಮಾಡಿ ಈಗ ಹಚ್ಚು. ಅದು ಕಾಯೂತನ ಡೈ ಬಿಸಿ ಎಣ್ಣ್ಯಾಗ ಇಡು. ಕುದಿಯೂ ಎಣ್ಣಿ ಎಲ್ಲೆರ ಅದ ಏನು?"

ತಾಯಪ್ಪ ಆಯಿಯ ಕಡಾಯಿಯ ಕಡೆ ನೋಡಿದ.

"ಇನ್ನೂ ದೇವರಿಗೆ ಎಡಿ ಹಿಡಿದಿಲ್ಲೋ," ಅಂದರು ಆಯಿ, ವಿಷಯ ಕೇಳಿ. "ಹೂವು ಏರಿಸಿದ ಭಟ್ಟಿನೂ ಹಚ್ಚಬೇಕು, ಎಡಿ ಎಣ್ಣ್ಯಾಗ ಕಬ್ಬಿಣಾನೂ ಹಾಕಬೇಕು. ಹಬ್ಬದ ದಿನಾನ ನಿಮಗ ಇದೆಲ್ಲಾ ನೆನಪಾಗತದ."

ತಾಯಪ್ಪ ಕೈ ಮುಗಿದ. "ಆಯಿ, ಅದು ಸೀಳಿದ್ರ ನನ್ನ ಅನ್ನಾನೂ ಹೋತ್ರಿ."

ಆಯಿ ಎಣ್ಣೆಯಲ್ಲಿದ್ದ ಕಡಬುಗಳನ್ನು ಎತ್ತಿ ಬಾಳೆ ಎಲೆಯ ಮೇಲಿಟ್ಟರು. "ದೇವರಿಗೆ ಇಷ್ಟು ಸಾಕು. ಉಳಿದವರು ಅನ್ನಾ ಸಾರು ಉಣ್ಲಿ. ಹಾಕು ಅದನ್ನ. ಮದಲ ಚಂದಗೆ ಒರಸು."

ಒರೆಸಿ, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಇಳಿಸಿದ. ಎಣ್ಣೆ ಬುಸ್ಸೆಂದಿತು. ಯಂಕವ್ವ ಭಟ್ಟಿಯ ಒಳಗಿದ್ದುದನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು ಬಂದಳು. ಅವನು ಓಡಿಹೋಗಿ ಸ್ವಿಚ್ ಹಾಕಿ ಬಂದು ಕಡಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಎಲ್ಲೋ ಪಾತ್ರೆ ತಾಗಿದರೂ ಜೀವ ಹಾರುತ್ತಿತ್ತು. ಭಟ್ಟಿ ಕಾದ ಮೇಲೆ ಡೈಯನ್ನು ಅದಕ್ಕೆ ಸಾಗಿಸಿದ.

ಮಧ್ಯಾಹ್ನ ಇಳಿದಾಗ ಮಂದಾರ ಬಂದು ಡೈಯನ್ನು ಹೊರತೆಗೆಸಿ, ಆರಿದ ಮೇಲೆ ಕೆಂಪು ಬಣ್ಣ ಹಚ್ಚಿ ಒರೆಸಿ, ಭೂತಗನ್ನಡಿ ಹಿಡಿದು ಅಂಚಂಚು ನೋಡಿದ. ಬಿರುಕಿದ್ದರೆ ಬಣ್ಣ ಅದರೊಳಗೆ ನಿಲ್ಲುತ್ತದೆ. ಎಲ್ಲೂ ನಿಂತಿರಲಿಲ್ಲ.

"ನೋಡ್ಲಾರದ ಇಳಿಸಿದ್ದು ದೊಡ್ಡ ತಪ್ಪು," ಅಂದ.

"ಹೌದ್ರಿ." ತಾಯಪ್ಪ ಹಿಂದೆ ಸರಿದು, ಆರತಿಗೆ ಸೇರಿದ್ದ ಲೋಡಿಂಗಿನವರ ಸಾಲಿನಲ್ಲಿ ನಿಂತ. ಇನ್ನು ಅದೇ ತನ್ನ ಜಾಗ ಅಂದುಕೊಂಡಿದ್ದ.

ಮಂದಾರ ತಾಯಿಯ ಕೈಯಿಂದ ಆರತಿ ತಾಟು ತೆಗೆದುಕೊಂಡು ಸಾಲಿನ ಮುಂದೆ ಬಂದ. "ಅಲ್ಲಿ ಯಾಕ ನಿಂತಿ? ಭಟ್ಟಿ ನಡೆಸಾಂವಾ ಆರತಿ ಮಾಡಬೇಕು. ಬಾ."

ತಾಯಪ್ಪ ತಾಟು ಹಿಡಿದ. ತಾಟು ಓರೆಯಾಗಿ ದೀಪ ಅಲುಗಾಡಿತು. ಯಂಕವ್ವ ಸಾಲಿನಿಂದ ಬಂದು, ಎಲ್ಲರೆದುರೇ ತಾಟಿನ ಕೆಳಗೆ ತನ್ನ ಕೈ ಕೊಟ್ಟಳು.