ಶ್ರಾವಣಕ್ಕೆ ಮುಂಚಿನ ಮೂಳೆ

ಬೆಳಗಿನ ಜಾವ ಎದ್ದು, ಮುಖ ಕೂಡ ತೊಳೆಯದೆ ಕೋಳಿ ಕತ್ತು ತುಂಡು ಮಾಡುವ ಯೋಗ ನನ್ನ ಹಣೆಯಲ್ಲಿದೆ ಅಂತ ಮದುವೆಗೆ ಮುಂಚೆ ಜಾತಕ ನೋಡಿದವರು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ನಾನು ಸೂಲಿಬೆಲೆ ಹೋಬಳಿಯ ನಮ್ಮೂರಿನ ಅಂಗನವಾಡಿಯಲ್ಲಿ ಟೀಚರು. ಅಂದರೆ ಅ ಆ ಇ ಈ ಹೇಳಿಕೊಡುವುದು ಸ್ವಲ್ಪ, ಉಣ್ಣಿಸುವುದೇ ಜಾಸ್ತಿ. ಒಂದು ಮಗುವಿಗೆ ಮೊಟ್ಟೆ ಹಳದಿ ಬೇಡ, ಇನ್ನೊಂದಕ್ಕೆ ಬಿಳಿ ಬೇಡ. ಅಷ್ಟೂ ಬಾಯಿಗಳನ್ನು ಒರೆಸಿ ಮನೆಗೆ ಬಂದರೆ ಸಕ್ಕರೆ ಕಾಯಿಲೆಯ ಅತ್ತೆಗೆ ಒಂದು ಊಟ, ತೋಟದಿಂದ ಬರುವ ಯಜಮಾನರಿಗೆ ಇನ್ನೊಂದು, ಶಿಫ್ಟು ಮುಗಿಸಿ ಹೊತ್ತುಗೊತ್ತಿಲ್ಲದೆ ಬರುವ ಮಗಳಿಗೆ ಮತ್ತೊಂದು. ಉಣ್ಣಿಸಿ ಉಣ್ಣಿಸಿ ನನ್ನ ಕೈಗೇ ಬೇಸರ ಬಂದಿತ್ತು. ಅಂಥ ಹೊತ್ತಿಗೆ ನಾಯಿಮರಿ ಬಂತು.

ತಂದವಳು ಮಗಳು. ಅವಳಿಗೆ ದೇವನಹಳ್ಳಿ ವಿಮಾನ ನಿಲ್ದಾಣದ ಒಂದು ಅಂಗಡಿಯಲ್ಲಿ ಕೆಲಸ. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ ಮನೆ ಬದಲಿಸಿದಳಂತೆ, ಹೊಸ ಮನೆಯವರು ನಾಯಿ ಕೂಡದು ಅಂದರಂತೆ. ಇವಳಿಗೆ ಕರುಳು ಚುರುಕ್ ಅಂದಿತು. ತರಕಾರಿ ಬುಟ್ಟಿಯಲ್ಲಿ ಹಳದಿ ಬಣ್ಣದ ಒಂದು ಲ್ಯಾಬ್ ಮರಿ ಕೂತುಕೊಂಡು ಬಂತು. ಊರಲ್ಲಿ ಎಲ್ಲ ನಾಯಿಗಳಿಗೂ ಹಾಕುವ ಹಾಗೆ ಹಾಲಿಗೆ ಮುದ್ದೆ ಕಲಸಿ ಹಾಕಿದೆವು. ಮಾರನೆಯ ದಿನವೇ ಭೇದಿ. ಹಾಲು ನಿಲ್ಲಿಸಿ ಮೊಸರನ್ನ ಹಾಕಿದರೆ ಮೈಯೆಲ್ಲ ತುರಿಕೆ, ಕಿವಿಯ ಹಿಂದೆ ಕೂದಲು ಉದುರಿ ಗುಲಾಬಿ ಚರ್ಮ ಕಾಣತೊಡಗಿತು. ಮಗಳು ಆ ಗೆಳತಿಯನ್ನು ಕೇಳಿ, ಫೋನಿನಲ್ಲಿ ಏನೇನೋ ನೋಡಿ, ಒಂದು ತೀರ್ಮಾನಕ್ಕೆ ಬಂದಳು. ಇನ್ನು ಮೇಲೆ ಮರಿಗೆ ಬೇಯಿಸಿದ್ದೇನೂ ಬೇಡ. ಕೋಳಿಯ ಹಸಿ ಕತ್ತು, ಲಿವರು, ಗುಂಡಿಗೆ, ಒಂದು ಹಸಿ ಮೊಟ್ಟೆ, ಮೇಲೆ ಸಿಹಿಗುಂಬಳದ ತುರಿ, ಎಲ್ಲವೂ ತೂಕ ಮಾಡಿ.

ಅತ್ತೆ ಜಗಲಿಯ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡರು. "ಹಸೀದು ತಿಂದ ನಾಯಿ ನಾಳೆ ಪಕ್ಕದ್ಮನೆ ಕೋಳಿಗೂಡಿಗೆ ನುಗ್ತದೆ. ಆಗ ಜಗಳಕ್ಕೆ ನೀನೇ ಹೋಗವ್ವ" ಅಂದರು ಮೊಮ್ಮಗಳಿಗೆ. ಒಳಗಿನ ಫ್ರಿಜ್ಜಿನಲ್ಲಿ ಹಸಿ ಬಾಡು ಇಡಕೂಡದು, ಅದರಲ್ಲಿ ದೇವರ ಮೀಸಲು ತುಪ್ಪ ಇರುತ್ತದೆ ಅಂತಲೂ ಹೇಳಿದರು. ಯಜಮಾನರು ಯಾರೋ ಬೇಡವೆಂದು ಬಿಟ್ಟಿದ್ದ ಹಳೆಯ ಪುಟ್ಟ ಫ್ರಿಜ್ಜೊಂದನ್ನು ತಂದು ಕೊಟ್ಟಿಗೆಯಲ್ಲಿ, ಹಸುಗಳ ಎದುರಿಗೆ ಇಟ್ಟರು.

ಹಸಿ ಊಟ ಮರಿಗೆ ಒಗ್ಗದೆ ಹೋಗಿದ್ದರೆ ನನಗೂ ಒಂದು ನೆಪ ಸಿಗುತ್ತಿತ್ತು. ಆದರೆ ಆ ಊಟ ಮರಿಗೆ ಚೆನ್ನಾಗಿ ಹಿಡಿಯಿತು. ಭೇದಿ ನಿಂತಿತು, ಕಿವಿಯ ಹಿಂದೆ ಕೂದಲು ಬಂತು, ಮೈ ಮಿರಮಿರ ಅಂದಿತು. ಮೊದಲ ವಾರ ಮಗಳೇ ಕತ್ತರಿಸಿದಳು. ಆಮೇಲೆ ಅವಳ ಶಿಫ್ಟು ಬದಲಾಯಿತು. ಮಚ್ಚು ಮತ್ತು ಕೊರಡು ನನ್ನ ಪಾಲಿಗೆ ಬಂದವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮಂಥ ಮನೆಗಳಲ್ಲಿ ಕೆಲಸ ಹೇಳದೆಯೇ ಕೈ ಬದಲಾಯಿಸುತ್ತದೆ, ಯಾವಾಗಲೂ ಒಂದೇ ಕಡೆಗೆ.

ಹುಡುಗಿಯಾಗಿದ್ದಾಗ ತವರಿನಲ್ಲಿ ರೇಷ್ಮೆ ಹುಳು ಮೇಯಿಸಿದವಳು ನಾನು. ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬೇಕು. ಆದರೆ ಹುಳಕ್ಕೆ ಒಂದು ದಿನ ಗೂಡು ಕಟ್ಟುವ ಹೊತ್ತು ಬರುತ್ತದೆ, ನಮಗೆ ಬಿಡುಗಡೆಯಾಗುತ್ತದೆ. ನಾಯಿಗೆ ಅಂಥದ್ದೇನೂ ಇಲ್ಲ. ಹಸಿ ಬಾಡು ಮುಟ್ಟಿದ ಮೇಲೆ ಸ್ನಾನ ಮಾಡದೆ ಅಡುಗೆ ಮನೆಗೆ ಕಾಲಿಡುವ ಹಾಗಿಲ್ಲ, ಅದು ಅತ್ತೆಯ ಕಟ್ಟಳೆ. ಹೀಗಾಗಿ ಕತ್ತರಿಸು, ಹಾಕು, ಕೊರಡು ತೊಳಿ, ಸ್ನಾನ ಮಾಡು, ಆಮೇಲೆ ಮನುಷ್ಯರ ತಿಂಡಿ. ಒಂದು ದಿನ ಅಂಗನವಾಡಿಯಲ್ಲಿ ಒಂದು ಮಗುವಿನ ಮೂಗು ಒರೆಸಲು ಹೋದರೆ ಅದು ಮುಖ ತಿರುಗಿಸಿ, "ಮಿಸ್, ನಿಮ್ ಕೈ ಕೋಳಿ ವಾಸ್ನೆ" ಅಂದಿತು. ಸೀಗೆಪುಡಿ ಹಾಕಿ ಉಜ್ಜಿಕೊಂಡು ಹೋಗಿದ್ದೆ. ಅವತ್ತು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಸಾಕಾಗಿತ್ತು ನನಗೆ.

ಆಷಾಢ ಮುಗಿಯುತ್ತ ಬಂದಿತ್ತು. ನಮ್ಮದು ತಿರುಪತಿ ತಿಮ್ಮಪ್ಪನ ಒಕ್ಕಲು. ಶ್ರಾವಣ ಹುಟ್ಟಿತೆಂದರೆ ಮನೆ ತೊಳೆದು, ಬಾಡಿನ ಪಾತ್ರೆಗಳನ್ನು ಅಟ್ಟಕ್ಕೆ ಹಾಕುತ್ತೇವೆ. ತಿಂಗಳು ಪೂರ್ತಿ ಮೊಟ್ಟೆಯ ಚಿಪ್ಪು ಕೂಡ ಹೊಸಿಲು ದಾಟುವುದಿಲ್ಲ. ಶನಿವಾರ ಅತ್ತೆ ಹಣೆಗೆ ನಾಮ ಇಟ್ಟುಕೊಂಡು, ಉಪವಾಸವಿದ್ದು, ದೇವರ ಮುಂದೆ ಎಲೆ ಹಾಕಿ ದೀಪ, ಪಾಯಸದ ತಳಿಗೆ ಇಡುತ್ತಾರೆ. ಯಜಮಾನರು ಚಿಕ್ಕವರಿದ್ದಾಗ ಜ್ವರದಲ್ಲಿ ಬದುಕುವುದಿಲ್ಲ ಅನ್ನುವಂತಾದಾಗ ಅತ್ತೆ ಹೊತ್ತ ಹರಕೆ ಅದು. ಅಂದಿನಿಂದ ಒಂದು ಶ್ರಾವಣ ಶನಿವಾರವೂ ತಪ್ಪಿಸಿದವರಲ್ಲ. ಹಾಗಿದ್ದ ಮೇಲೆ ಮರಿಯ ಊಟದ ಗತಿ ಏನು? ನನಗೆ ದಾರಿ ಸಿಕ್ಕಿತು. ತ್ಯಾಮಗೊಂಡ್ಲು ಹತ್ತಿರ ತೋಟದಲ್ಲಿರುವ ತಮ್ಮನಿಗೆ ಫೋನು ಮಾಡಿದೆ. ಅವನ ಮನೆಯಲ್ಲಿ ಸೋಮವಾರ ಶನಿವಾರ ಬಿಟ್ಟರೆ ಅಂಥ ಮಡಿಯೇನೂ ಇಲ್ಲ. "ಕಳ್ಸಕ್ಕ, ತೋಟ ಕಾಯ್ಕೊಂಡು ಬಿದ್ದಿರ್ಲಿ" ಅಂದ. ಭೀಮನ ಅಮಾವಾಸ್ಯೆಯ ದಿನ ಬಂದು ಒಯ್ಯುವುದು ಅಂತಾಯಿತು. ಮಗಳು ಎರಡು ದಿನ ಮಾತು ಬಿಟ್ಟಳು. ಅತ್ತೆ ಮಾತ್ರ, "ಪಾಪ, ಅವಳಿಗೂ ಮೈ ಅದೆ" ಅಂದರು. ಆ ಒಂದು ಮಾತಿಗೆ ನಾನು ಎಷ್ಟು ವರ್ಷದಿಂದ ಕಾದಿದ್ದೆನೋ.

ಶ್ರಾವಣಕ್ಕೆ ಮುಂಚಿನ ಭಾನುವಾರ ನಮ್ಮ ಕಡೆ ಎಲ್ಲರ ಮನೆಯಲ್ಲೂ ಬಾಡೂಟ. ತಿಂಗಳಿಗಾಗುವಷ್ಟನ್ನು ಒಂದೇ ದಿನ ತಿಂದು ಮುಗಿಸುವವರ ಹಾಗೆ ತಿನ್ನುತ್ತೇವೆ. ನಮ್ಮಲ್ಲೂ ಮಟನ್ ಸಾರು, ಕೋಳಿ ಹುರಿದದ್ದು, ಮುದ್ದೆ. ಊಟಕ್ಕೆ ಕೂತ ಎಲ್ಲರ ಮಧ್ಯೆ ಮರಿ ಬಾಲ ಆಡಿಸುತ್ತ ಓಡಾಡಿತು. ಬೇಯಿಸಿದ ಮೂಳೆ ಹಾಕಬೇಡಿ, ಅದು ಸಿಬಿರೆದ್ದು ಹೊಟ್ಟೆಗೆ ಚುಚ್ಚುತ್ತದೆ ಅಂತ ಮಗಳೇ ಮೊದಲ ದಿನ ಎಲ್ಲರಿಗೂ ಪಾಠ ಹೇಳಿದ್ದಳು. ನಾನು ಬೇಗ ಉಂಡು, ಬಾಡಿನ ಪಾತ್ರೆ ಉಜ್ಜಿ ಅಟ್ಟಕ್ಕೆ ಸೇರಿಸುವ ಗಡಿಬಿಡಿಯಲ್ಲಿ ಹಿತ್ತಿಲಲ್ಲಿದ್ದೆ.

ಮಂಗಳವಾರ ಮರಿ ಏಳಲಿಲ್ಲ. ಹಸಿ ಲಿವರು ಮುಂದಿಟ್ಟರೆ ಮೂಸಿ ಮುಖ ತಿರುಗಿಸಿತು. ತಿಣುಕುತ್ತಿತ್ತು, ಏನೂ ಬರುತ್ತಿರಲಿಲ್ಲ. ಹಳದಿ ನೊರೆ ಕಾರಿತು. ಆಟೋ ಮಾಡಿಕೊಂಡು ನಾಲ್ಕೂ ಜನ ಹೊಸಕೋಟೆಯ ದನದ ಆಸ್ಪತ್ರೆಗೆ ಹೋದೆವು. ಅತ್ತೆಯನ್ನು ಯಾರೂ ಕರೆದಿರಲಿಲ್ಲ, ಅವರೇ ಬಂದು ಹತ್ತಿ ಕೂತರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಮೂಳೆ ಚೂರುಗಳು ಗುಡ್ಡೆಯಾಗಿ ಕೂತಿದ್ದವು.

"ಬೇಯ್ಸಿದ್ ಮೂಳೆ ಇದು. ಯಾರು ಕೊಟ್ಟಿದ್ದು?" ಅಂದರು.

ಮೊದಲು ಮಗಳು ಅಳುತ್ತ ಹೇಳಿದಳು, "ನಾನೊಂದು ಕೊಟ್ಟೆ. ಹೋಗ್ಬಿಡುತ್ತಲ್ಲ ಅಂತ. ಒಂದೇ ಒಂದು." ಯಜಮಾನರು ಗಂಟಲು ಸರಿಮಾಡಿಕೊಂಡು, "ನಾನೂ ಒಂದು ಹಾಕ್ದೆ. ಚಿಕ್ದು" ಅಂದರು. ಕೊನೆಗೆ ಅತ್ತೆ. "ನಲ್ಲಿ ಮೂಳೆ ಕಣಪ್ಪ, ಒಳಗೆ ಮಜ್ಜೆ ಇರೋದು. ನನ್ ತಟ್ಟೇಲಿದ್ದಿದ್ದು. ಮುಂದಿನ್ ಭಾನ್ವಾರ ಎಲ್ಲಿರ್ತದೋ, ಏನ್ ಕತೆಯೋ ಅಂತ ಕೊಟ್ಬಿಟ್ಟೆ." ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು ಕೊಟ್ಟಿದ್ದರು, ಎಲ್ಲರೂ ಪ್ರೀತಿಯಿಂದಲೇ. ಶ್ರಾವಣಕ್ಕೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳುವ ನಮ್ಮ ಬುದ್ಧಿಯನ್ನು ನಾಯಿಗೂ ಹಚ್ಚಿದ್ದರು. ಒಂದು ಚೂರೂ ಕೊಡದವಳು ನಾನೊಬ್ಬಳೇ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಬೆಳಗಾಗೆದ್ದು ಕತ್ತರಿಸಿದವಳು ನಾನು, ಅದನ್ನು ಪ್ರೀತಿಸುವ ಕೆಲಸ ಮಾತ್ರ ಇವರೆಲ್ಲ ಹಂಚಿಕೊಂಡಿದ್ದರು.

ಎನಿಮಾ, ಡ್ರಿಪ್ಪು ಅಂತ ನಾಲ್ಕಾರು ದಿನ ಓಡಾಡಿದ ಮೇಲೆ ಮರಿ ಉಳಿಯಿತು. ತಮ್ಮನಿಗೆ ಸದ್ಯಕ್ಕೆ ಬರಬೇಡ ಅಂದೆ. ಡಾಕ್ಟರು ಹಸಿ ಊಟ ನಿಲ್ಲಿಸಿ ಅಂದರು. ಕರುಳು ಮಾಯುವವರೆಗೆ ಮೂಳೆ ಇಲ್ಲದ ಕೋಳಿ ಬೇಯಿಸಿ, ಮೆತ್ತಗೆ ಹಿಸುಕಿ, ಸ್ವಲ್ಪ ಸ್ವಲ್ಪವೇ ದಿನಕ್ಕೆ ಐದಾರು ಸಲ ಕೊಡಬೇಕಂತೆ. ಮನೆಗೆ ಬರುವಷ್ಟರಲ್ಲಿ ಶ್ರಾವಣ ಹುಟ್ಟಿಯಾಗಿತ್ತು. ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು.

ಅನ್ನಕ್ಕೆ ಕುಂಬಳಕಾಯಿ ಹಿಸುಕಿ ಕೊಟ್ಟು ನೋಡಿದೆ. ಮರಿ ನನ್ನ ಕಡೆ ನೋಡಿ ಕಣ್ಣು ಮುಚ್ಚಿಕೊಂಡಿತು. ಹಾಲು ಮೊಸರು ಮೊದಲೇ ಆಗದು. ಅತ್ತ ದರಿ ಇತ್ತ ಪುಲಿ. ಹಿತ್ತಿಲಲ್ಲಿ ಬೇಯಿಸಿ, ಸಲಸಲಕ್ಕೂ ಸ್ನಾನ ಮಾಡಿ ಒಳಗೆ ಬರುತ್ತೇನೆ, ಬೇರೆ ದಾರಿಯಿಲ್ಲ ಅಂತ ಅತ್ತೆಗೆ ಹೇಳಲು ಹೋದೆ. ದಿನಕ್ಕೆ ಐದಾರು ಸ್ನಾನ, ಜಡಿಮಳೆ ಬೇರೆ. ಹೇಳುವಾಗ ನನ್ನ ದನಿಯೇ ನನಗೆ ಬೇರೆಯವರದ್ದು ಅನ್ನಿಸಿತು.

ಅತ್ತೆ ಆಗಲೇ ತಮ್ಮ ಹಾಸಿಗೆ ಸುತ್ತುತ್ತಿದ್ದರು. "ನೀನು ಮುಟ್ಬೇಡ. ಮಕ್ಕಳ ಹತ್ರ ಹೋಗೋಳು. ನಾನು ಕೊಟ್ಟಿಗೇಲಿರ್ತೀನಿ. ಶ್ರಾವಣ ಕಳೆಯೋಗಂಟ ಒಳಕ್ಕೆ ಬರಲ್ಲ."

"ಶನಿವಾರದ ತಳಿಗೆ?"

"ನೀನಿಡು. ಮನೆ ಸೊಸೆ ನೀನು."

"ನಿಮ್ಮ ಹರಕೆ ಅತ್ತೆ ಅದು."

"ಮನೆ ಶುದ್ಧವಾಗಿದ್ರೆ ಹರಕೆ ನಡೀತದೆ. ನಾನ್ ಹೊರ್ಗಿದ್ರೇನು, ಒಳ್ಗಿದ್ರೇನು" ಅಂದು ಹಾಸಿಗೆ ಬಗಲಿಗಿಟ್ಟುಕೊಂಡು ಹೊರಟೇಬಿಟ್ಟರು. ಹಿಂದೆ ಮುಟ್ಟಾದಾಗ ಹೊರಗೆ ಕೂರುತ್ತಿದ್ದರಲ್ಲ, ಆಮೇಲೆ ಯಾರೂ ನಮ್ಮ ಮನೆಯಲ್ಲಿ ಹಾಗೆ ಕೂತಿರಲಿಲ್ಲ. ಯಜಮಾನರು ತಡೆದು ನೋಡಿದರು, ಮಗಳು ಗೋಗರೆದಳು. ಅತ್ತೆ ಮೂರು ಕಲ್ಲು ಹೂಡಿ ಒಲೆ ಮಾಡಿಕೊಂಡು, ಅಟ್ಟದಿಂದ ಒಂದು ಪಾತ್ರೆ ಇಳಿಸಿಕೊಡಿ ಅಂತ ಮಾತ್ರ ಕೇಳಿದರು.

ಆ ತಿಂಗಳು ನಾನು ಅತ್ತೆಯ ಊಟವನ್ನು ಕೊಟ್ಟಿಗೆಗೆ ಒಯ್ದು ದೂರದಿಂದ ಇಡುತ್ತಿದ್ದೆ. ಅವರು ಮರಿಯ ಊಟವನ್ನು ಬೆರಳಲ್ಲಿ ಹಿಸುಕಿ, ಒಂದೊಂದೇ ತುತ್ತು ನಾಲಿಗೆಗೆ ಇಡುತ್ತಿದ್ದರು. ಮೊದಲ ಶನಿವಾರ ದೇವರ ಮುಂದೆ ಎಲೆ ಹಾಕಿದಾಗ ನನಗೆ ಕೈ ಓಡಲಿಲ್ಲ. ಹಿಟ್ಟಿನ ದೀಪ ಯಾವ ಕಡೆ, ಪಾಯಸ ಯಾವ ಕಡೆ ಅಂತ ಅತ್ತೆ ಅಂಗಳದಿಂದಲೇ ಕೂಗಿ ಹೇಳಿದರು. ಮಂಗಳಾರತಿಯ ಹೊತ್ತಿಗೆ ಮಳೆಹನಿಯಲ್ಲಿ ನಿಂತು, ನಾಮವಿಲ್ಲದ ಹಣೆಯಲ್ಲೇ ಕೈಮುಗಿದರು. ತೀರ್ಥವನ್ನು ಅವರ ಬೊಗಸೆಗೆ ಮೇಲಿನಿಂದ ಬಿಟ್ಟೆ. ಕೊಟ್ಟಿಗೆಯಿಂದ ಮರಿ ಸಣ್ಣಗೆ ಕುಂಯ್ ಅಂದಿತು, ಅವರು ತೀರ್ಥ ಕುಡಿದವರೇ ಆ ಕಡೆ ನಡೆದರು.

ಕೊನೆಯ ವಾರ ತಮ್ಮ ಬೈಕಿನಲ್ಲಿ ಬಂದ. ನಾನೇ ಬಾ ಅಂದಿದ್ದೆ. ಮರಿ ಓಡಾಡುವಂತಾಗಿತ್ತು, ಕೊಟ್ಟ ಮಾತು ಹಾಗೇ ಇತ್ತು, ನನ್ನ ಸುಸ್ತೂ ಹಾಗೇ ಇತ್ತು. ಅವನು ಅಗಲ ಬಾಯಿಯ ಗೋಣಿಚೀಲ ತಂದಿದ್ದ. ಅತ್ತೆ ಬೇಡ ಅನ್ನಲಿಲ್ಲ. ಒಲೆಯ ಮುಂದಿನಿಂದ ಎದ್ದು, ಸೆರಗಿನಲ್ಲಿ ಮರಿಯ ಬಾಯಿ ಒರೆಸಿ, "ಇದಕ್ಕೆ ಹಾಲು ಹಾಕ್ಬೇಡಪ್ಪ, ಆಗಲ್ಲ" ಅಂತ ತಮ್ಮನಿಗೆ ಹೇಳಿದರು. ಅಷ್ಟೇ. ಹೊಗೆಗೆ ಅವರ ಕಣ್ಣು ಕೆಂಪಾಗಿದ್ದವು. ಹೊಗೆ ತಿಂಗಳು ಪೂರ್ತಿ ಇತ್ತು, ಹಾಗಾಗಿ ಏನೂ ಹೇಳುವ ಹಾಗಿರಲಿಲ್ಲ.

ನಾನು ಆ ಮುದುಕಿಯನ್ನೇ ನೋಡಿದೆ. ಮಗನ ಜೀವಕ್ಕೆ ಹೊತ್ತ ಹರಕೆಯನ್ನೇ ನನ್ನ ಕೈಗೆ ಬಿಟ್ಟು, ನಾಯಿಗಾಗಿ ಹೊರಗೆ ನಿಂತವರು. ನಾನು ಬೆಳಗಿನ ಒಂದು ಗಂಟೆ ನಿದ್ದೆಗೋಸ್ಕರ ಮರಿಯನ್ನು ಚೀಲಕ್ಕೆ ತುಂಬಿಸಿ ಕಳಿಸುವುದೇ? ನನಗೆ ಅವರ ಮೇಲೆ ಕೋಪ ಬಂತು. ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟು ಕೂತರೆ ಉಳಿದವರು ಏನು ಮಾಡಬೇಕು? ಅವರ ಪಾಡಿಗೆ ಅವರು ಪಾತ್ರೆಯ ತಳ ಕೆರೆಯುತ್ತಿದ್ದರು.

"ಕಾಫಿ ಕುಡ್ಕೊಂಡು ಹೋಗು" ಅಂದೆ ತಮ್ಮನಿಗೆ.

"ಮರಿ?"

"ಬೇಡ ಕಣೋ. ಇರ್ಲಿ."

ಅವನು ಚೀಲ ಮಡಚಿ ಬೈಕಿಗೆ ಸಿಕ್ಕಿಸಿದ. ಅತ್ತೆ ತಲೆ ಎತ್ತಲೂ ಇಲ್ಲ. ನಾನು ಕಾಫಿಗೆ ನೀರಿಡುತ್ತ, ಇನ್ನು ಹತ್ತು ಹದಿನೈದು ವರ್ಷ ಈ ಕತ್ತು, ಈ ಲಿವರು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಲೆಯ ಕಟ್ಟೆಗೆ ಒರಗಿಕೊಂಡೆ.

ಶ್ರಾವಣ ಕಳೆಯಿತು. ಅತ್ತೆ ಎಣ್ಣೆನೀರು ಹಾಕಿಕೊಂಡು ಒಳಗೆ ಬಂದರು, ಸೀದಾ ದೇವರ ಮುಂದೆ ಹೋಗಿ ತುಂಬ ಹೊತ್ತು ಕೂತರು. ಸ್ವಲ್ಪ ಸ್ವಲ್ಪವಾಗಿ ಹಸಿ ಊಟಕ್ಕೆ ತಿರುಗಬಹುದು ಅಂತ ಡಾಕ್ಟರು ಹೇಳಿದ್ದರು. ಮಾರನೆಯ ದಿನ ಬೆಳಗಿನ ಜಾವ ಎಂದಿನಂತೆ ಎದ್ದು, ಹಳೆಯ ಸೀರೆ ಸುತ್ತಿಕೊಂಡು ಕೊಟ್ಟಿಗೆಗೆ ಹೋದೆ. ದೀಪ ಉರಿಯುತ್ತಿತ್ತು. ಅತ್ತೆ ಕೊರಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು, ಮಚ್ಚು ಅವರ ಕೈಯಲ್ಲಿತ್ತು. ಮರಿ ಎದುರಿಗೆ ಜೊಲ್ಲು ಸುರಿಸುತ್ತ ಕೂತಿತ್ತು.

"ನೀವ್ಯಾಕೆ? ಶ್ರಾವಣ ಮುಗೀತಲ್ಲ" ಅಂದೆ.

"ಹೋಗು, ಮಲ್ಕೋ" ಅಂದರು, ನನ್ನ ಕಡೆ ನೋಡದೆ.

ತುಂಡು ಇನ್ನೂ ಸಣ್ಣಗಿರಬೇಕು ಅನ್ನಲು ಬಾಯಿ ತೆರೆದೆ. ಮುಚ್ಚಿಕೊಂಡು ಒಳಗೆ ಬಂದು ಮಲಗಿದೆ. ನಿದ್ದೆ ಬರಲಿಲ್ಲ. ಕೊರಡಿನ ಮೇಲೆ ಮಚ್ಚು ಬೀಳುವ ಸದ್ದು ಕೇಳುತ್ತ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದೆ. ದಪ್ಪ ದಪ್ಪಗೆ ಕತ್ತರಿಸುತ್ತಿದ್ದಾರೆ ಅಂತ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆದರೂ ನಾನು ಏಳಲಿಲ್ಲ.