ಗೌರಮ್ಮನವರ ಬಲಗೈ

ಪವಾಡದ ಮಾತೆತ್ತಿದವರನ್ನು ಗೇಲಿ ಮಾಡುತ್ತಿದ್ದವನು ನಾನು. ಪಾರ್ಶ್ವವಾಯು ಹೊಡೆದವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನ್ನ ಕಸುಬಿಗೆಂದೇ ಹುಟ್ಟಿದ್ದು. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ ಮರಳೂರಿನ ಒಂದು ಮನೆಯಲ್ಲಿ ಕಂಡದ್ದನ್ನು ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹೆಬ್ಬೂರಿನ ಗೌರಮ್ಮ ಅಲ್ಲಿ ಮಗನ ಮನೆಯಲ್ಲಿದ್ದರು. ಬಲಗೈ ಪೂರ್ತಿ ಸತ್ತಿತ್ತು. ಚಿವುಟಿದರೂ ತಿಳಿಯುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಿ ಎಂದರೆ, "ಥೂ, ತೊಳ್ಕೊಳ್ಳೋ ಕೈಲಿ ಅನ್ನ ಮುಟ್ಟೋಕಾಯ್ತದಾ ಮಗ?" ಎನ್ನುವರು. ಸೊಸೆ ಶಾರದಾ ತುತ್ತು ಕೊಟ್ಟರೆ ನಾಚಿಕೆಯಿಂದ ಬಾಯಿ ಬಿಗಿಯುವರು. ಅರೆಹೊಟ್ಟೆಯಲ್ಲೇ ಸೊರಗುತ್ತಿದ್ದರು. ಬಲಗೈಯ ಆಸೆ ಬಿಡಿಸಿ ಎಡಗೈಗೆ ಅಭ್ಯಾಸ ಮಾಡಿಸದಿದ್ದರೆ ಜೀವ ಉಳಿಯುವುದಿಲ್ಲ ಎಂದು ಕೊನೆಗೆ ತೀರ್ಮಾನಿಸಿದೆ.

ಅದನ್ನು ಹೇಳಲೆಂದು ಒಂದು ಮಧ್ಯಾಹ್ನ ಹೋದೆ. ಶಾರದಾ ಮನೆ ಮುಂದಿನ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದಳು. ಬೇಯಿಸಿ ತೊಳಸಿದ ರಾಗಿಹಿಟ್ಟನ್ನು ಅತ್ತೆ ಒರಗಿ ಕೂತ ಜಾಗದ ಪಕ್ಕದ ಮಣೆ ಮೇಲೆ ಸುರಿದು, ನೀರು ಬಂತೆಂದು ಮುದ್ದೆ ಕಟ್ಟದೆ ಓಡಿಬಂದಿದ್ದಳಂತೆ. ಗೌರಮ್ಮನಿಗೆ ಕೇಳಿಸದಿರಲೆಂದು ಅಲ್ಲೇ ಮೆಲ್ಲಗೆ ನನ್ನ ತೀರ್ಮಾನ ತಿಳಿಸಿದೆ. ಅವಳು ಕಣ್ಣೊರೆಸಿಕೊಂಡಳು. ಇಬ್ಬರೂ ಒಟ್ಟಿಗೇ ಒಳಗೆ ಹೋದೆವು.

ಮಣೆಯ ಮೇಲೆ ದುಂಡನೆಯ ಮುದ್ದೆ ಕೂತಿತ್ತು, ಇನ್ನೂ ಹಬೆಯಾಡುತ್ತಿತ್ತು. ಗೌರಮ್ಮನ ಬಲ ಅಂಗೈ ಕೆಂಪಗೆ ಬೆಂದು, ಬೆರಳ ಸಂದಿಯಲ್ಲೆಲ್ಲ ಹಿಟ್ಟು ಮೆತ್ತಿಕೊಂಡಿತ್ತು. ಎಡಗೈಗೆ ಒಂದು ಚೂರೂ ಹಿಟ್ಟು ಅಂಟಿರಲಿಲ್ಲ.

"ಅತ್ತೆ, ಯಾರ್ ಬಂದಿದ್ರು?" ಶಾರದಾ ಬಿಂದಿಗೆ ಕೆಳಗಿಟ್ಟು ಕೇಳಿದಳು.

"ಯಾರ್ ಬತ್ತಾರೆ ಬುಡು."

ನನಗೆ ಸೊಸೆಯ ಮೇಲೇ ಗುಮಾನಿ. ಅರಿವಿಲ್ಲದ ಕೈಯನ್ನು ಬಿಸಿ ಹಿಟ್ಟಿಗೆ ಒತ್ತಿ ನಾಟಕ ಕಟ್ಟಿದಳೇ? ಆದರೆ ನನ್ನ ತೀರ್ಮಾನ ಅವಳಿಗೆ ತಿಳಿದದ್ದೇ ನಲ್ಲಿಯ ಹತ್ತಿರ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಮುದುಕಿಯೇ ಇಷ್ಟು ದಿನ ಆಟ ಆಡಿದರೇ ಎಂದು ಆ ಕೈಯನ್ನು ಎತ್ತಿ ಬಿಟ್ಟೆ. ತೊಪ್ಪನೆ ಬಿತ್ತು. ಉಗುರನ್ನು ಒತ್ತಿದೆ. ಅವರ ರೆಪ್ಪೆಯೂ ಅಲುಗಲಿಲ್ಲ.

"ಈಗೇಳು ಮಗ, ಯಾವ್ ಕೈಲಿ ಉಣ್ಲಿ?" ಎಂದು ಅವರು ಕೇಳಿದಾಗ ನನಗೆ ನಿಜವಾಗಿಯೂ ಭಯವಾಯಿತು.

ಎಡಗೈ ಎಂದೆ. ನನ್ನನ್ನೇ ದಿಟ್ಟಿಸುತ್ತ ಎಡಗೈಯಲ್ಲೇ ಮುರಿದು ಉಂಡರು. ಆಮೇಲೆ ಮೈ ತುಂಬಿಕೊಂಡು ಬಹಳ ವರ್ಷ ಬದುಕಿದರು. ಬಲಗೈ ಮಾತ್ರ ಮತ್ತೆ ಅಲುಗಲೇ ಇಲ್ಲ. ಅದು ಎಂದೂ ಅಲುಗಿರಲೇ ಇಲ್ಲವೋ, ಆವತ್ತು ನಾನಾಡಿದ ಮಾತಿಗೇ ನಿಂತುಹೋಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.